ಡಿಹ್ಯುಮಿಡಿಫೈಯರ್ ತಂದು ಮೂರು ವರ್ಷ: ಗೋಡೆಯ ಬೂಷ್ಟು ಹೋಯಿತಾ?

ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ಬೂಷ್ಟನ್ನು ಕೊಲ್ಲುವುದಿಲ್ಲ. ಆಗಲೇ ಬೆಳೆದಿರುವುದನ್ನು ನಾವೇ ಉಜ್ಜಿ ತೆಗೆಯಬೇಕು. ಯಂತ್ರಕ್ಕೆ ಗೊತ್ತಿರುವುದು ಒಂದೇ ಕೆಲಸ, ಕೋಣೆಯ ಗಾಳಿಯಲ್ಲಿರುವ ನೀರನ್ನು ಹಿಡಿದು ಟ್ಯಾಂಕಿಗೆ ಇಳಿಸುವುದು. ಇದು ತಿಳಿಯದೆ ತಂದಿದ್ದರಿಂದ ಮೊದಲ ಎರಡು ತಿಂಗಳು ನನಗೆ ಬೇಸರವೇ ಆಗಿತ್ತು. ಈಗ ಅದಿಲ್ಲದೆ ಮಳೆಗಾಲ ಕಳೆಯುವ ಧೈರ್ಯವಿಲ್ಲ.

ನಮ್ಮ ಕಷ್ಟ ಇದ್ದದ್ದು ಮಲಗುವ ಕೋಣೆಯಲ್ಲಿ. ಕಪಾಟಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಬಟ್ಟೆ ಒಗೆದಿಟ್ಟರೂ ಅದೇ. ಕಪಾಟು ಸರಿಸಿ ನೋಡಿದರೆ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಬ್ಲೀಚ್ ಹಾಕಿ ಒರೆಸಿದೆ, ಮೂರು ವಾರಕ್ಕೆ ಮತ್ತೆ ಬಂತು. ಮೇಲೆ ಪೇಂಟ್ ಬಳಿಸಿದೆ, ಪೇಂಟೇ ಉಬ್ಬಿ ಉದುರಿತು. ಹೆಂಡತಿಗೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರುವಾಗುತ್ತಿತ್ತು, ಹೊರಗೆ ಹೋದರೆ ನಿಲ್ಲುತ್ತಿತ್ತು. ಆಮೇಲೆ ಈ ಯಂತ್ರ ತಂದೆವು.

ಕಂಪ್ರೆಸರ್ ಇರುವ ಮಾದರಿ ಇದು, ಫ್ರಿಜ್ ಇದ್ದ ಹಾಗೆ. ಒಳಗಿನ ತಣ್ಣನೆಯ ಕೊಳವೆಗಳಿಗೆ ಗಾಳಿ ತಾಗಿ ನೀರು ಹನಿಯುತ್ತದೆ. ಪೆಟ್ಟಿಗೆಯ ಮೇಲೆ ದಿನಕ್ಕೆ 12 ಲೀಟರ್ ಎಂದಿತ್ತು. ಆ ಲೆಕ್ಕ 30 ಡಿಗ್ರಿ ಬಿಸಿ, ಶೇ. 80 ತೇವಾಂಶ ಇರುವ ಗಾಳಿಯಲ್ಲಿ ಅಳೆದದ್ದು. ನಮ್ಮ ಕೋಣೆಯಲ್ಲಿ ಐದು ಲೀಟರ್ ದಾಟಿದ್ದೇ ಅಪರೂಪ. ಕೊಳ್ಳುವಾಗ ಆ ಸಂಖ್ಯೆಯನ್ನು ನಂಬಿ ಚಿಕ್ಕದನ್ನು ಆರಿಸಬೇಡಿ.

ನನಗೆ ಯಂತ್ರಕ್ಕಿಂತ ಜಾಸ್ತಿ ಕಲಿಸಿದ್ದು ಅದರ ಮುಂದಿರುವ ತೇವಾಂಶದ ಮೀಟರ್. ಮೊದಲ ದಿನ 78 ತೋರಿಸಿತು. ಶೇ. 60ರ ಕೆಳಗಿರಬೇಕು, ಸಾಧ್ಯವಾದರೆ 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. 65 ಅಂದರೆ ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಕೋಣೆಯ ಗಾಳಿ 25 ಡಿಗ್ರಿ ಇದ್ದು, ಹೊರಗೋಡೆ ಅದಕ್ಕಿಂತ ಮೂರೂವರೆ ಡಿಗ್ರಿ ತಣ್ಣಗಿದ್ದರೆ ಸಾಕು, ಗೋಡೆಗೆ ತಾಗಿ ನಿಂತ ಗಾಳಿಯಲ್ಲಿ ತೇವಾಂಶ 80ಕ್ಕೆ ಹೋಗುತ್ತದೆ. ಬೂಷ್ಟಿಗೆ ಅಷ್ಟು ಸಾಕು, ನೀರು ಹನಿಯಾಗಿ ಕಾಣಬೇಕಂತಿಲ್ಲ. ಕಪಾಟಿನ ಹಿಂದೆ ಗಾಳಿಯೇ ಆಡುತ್ತಿರಲಿಲ್ಲ. ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿಟ್ಟೆ. ಆ ಒಂದು ಕೆಲಸಕ್ಕೆ ಖರ್ಚೇ ಇರಲಿಲ್ಲ. ಮೀಟರ್ ಸರಿ ಇದೆಯಾ ಎಂಬ ಅನುಮಾನ ಇದ್ದರೆ, ಬೇರೆ ಚಿಕ್ಕ ಮೀಟರ್ ಒಂದನ್ನು ಒದ್ದೆ ಉಪ್ಪಿನ ಬಟ್ಟಲ ಜೊತೆ ಮುಚ್ಚಿದ ಡಬ್ಬಿಯಲ್ಲಿ ಅರ್ಧ ದಿನ ಇಡಿ. ಅದು 75 ತೋರಿಸಬೇಕು. ತೋರಿಸಿದರೆ ಅದನ್ನು ಯಂತ್ರದ ಪಕ್ಕ ಇಟ್ಟು ಎರಡನ್ನೂ ಹೋಲಿಸಿ ನೋಡಿ.

ಎರಡು ತಿಂಗಳಲ್ಲಿ ಕೋಣೆ 55ಕ್ಕೆ ಇಳಿಯಿತು. ಆದರೂ ಬಚ್ಚಲಿನ ಪಕ್ಕದ ಗೋಡೆಯ ಒಂದು ಮೂಲೆ ಮಾತ್ರ ಒಣಗಲಿಲ್ಲ. ಟ್ಯಾಂಕ್ ಹದಿನಾಲ್ಕು ಗಂಟೆಗೊಮ್ಮೆ ತುಂಬುತ್ತಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡೆ. ಗೊತ್ತಿರುವವರೊಬ್ಬರು ಹೇಳಿದಂತೆ ಆ ಮೂಲೆಗೆ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಹಾಳೆಯ ಮೇಲೆ ಹನಿ ಇದ್ದರೆ ನೀರು ಕೋಣೆಯ ಗಾಳಿಯದು. ನಮ್ಮಲ್ಲಿ ಹಾಳೆಯ ಹಿಂದೆ ಒದ್ದೆಯಾಗಿತ್ತು. ಅಂದರೆ ಗೋಡೆಯೊಳಗಿಂದಲೇ ಬರುತ್ತಿದೆ. ಪ್ಲಂಬರ್ ಗೋಡೆ ಒಡೆದು ನೋಡಿದಾಗ ಪೈಪಿನ ಜಾಯಿಂಟ್ ಸಣ್ಣಗೆ ಜಿನುಗುತ್ತಿತ್ತು. ಅಷ್ಟು ದಿನ ಯಂತ್ರ ಪೈಪಿನ ನೀರನ್ನೇ ಹೀರುತ್ತಿತ್ತು. ಅದನ್ನು ಸರಿಮಾಡಿಸಿ, ಹಾಳಾದ ಗಾರೆ ಕೆರೆಸಿ, ಚೆನ್ನಾಗಿ ಒಣಗಿಸಿದ ಮೇಲೆ ಟ್ಯಾಂಕ್ ತುಂಬಲು ಎರಡು ದಿನ ಬೇಕಾಯಿತು.

ಇನ್ನೊಂದು ಗೋಡೆಯ ಬಿಳಿ ಪುಡಿಯನ್ನೂ ಬೂಷ್ಟು ಎಂದೇ ಹೆದರಿದ್ದೆ. ನೀರು ಮುಟ್ಟಿಸಿದರೆ ಕರಗಿಹೋಯಿತು. ಅದು ಗೋಡೆಯ ಉಪ್ಪು, ಬೂಷ್ಟು ಹಾಗೆ ಕರಗುವುದಿಲ್ಲ. ಆದರೂ ಉಪ್ಪು ಕಂಡಿತೆಂದರೆ ಅಲ್ಲಿ ನೀರು ಓಡಾಡುತ್ತಿದೆ ಎಂದೇ ಅರ್ಥ.

ಉಜ್ಜುವಾಗ ನಾನು ಸೋಪಿನ ನೀರು, ಬ್ರಷ್, ಕೈಗವಸು, ಎನ್95 ಮಾಸ್ಕ್ ಬಳಸಿದೆ. ಒಣಗಿದ ಬೂಷ್ಟನ್ನು ಹಾಗೇ ಗುಡಿಸಬೇಡಿ, ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಬ್ಲೀಚ್ ಜೊತೆ ವಿನೆಗರ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ. ನೆನೆದು ಬೂಷ್ಟು ಹಿಡಿದ ಹಾಸಿಗೆಯನ್ನು ಎಸೆದೆವು. ಬೇಜಾರಾಯಿತು, ಆದರೆ ಅಂಥದ್ದು ಒಳಗಿಂದ ಶುದ್ಧವಾಗುವುದಿಲ್ಲ.

ಯಂತ್ರದ ಕೊರತೆಗಳೂ ಇವೆ. ರಾತ್ರಿ ಮಲಗುವ ಕೋಣೆಯಲ್ಲಿ ಸದ್ದು ಕೇಳುತ್ತದೆ. ಕೋಣೆ ಸ್ವಲ್ಪ ಬಿಸಿಯಾಗುತ್ತದೆ. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯದಿದ್ದರೆ ನೀರು ಹೀರುವುದೇ ಕಡಿಮೆ. ಟ್ಯಾಂಕ್ ಒಳಗೂ ಲೋಳೆ ಕಟ್ಟುತ್ತದೆ, ಅದನ್ನೂ ಉಜ್ಜಬೇಕು. ಎರಡನೇ ವರ್ಷ ನೀರು ತುಂಬಿದ್ದನ್ನು ಯಂತ್ರಕ್ಕೆ ತಿಳಿಸುವ, ಟ್ಯಾಂಕಿನೊಳಗಿನ ತೇಲುವ ಬುರುಡೆ (ಫ್ಲೋಟ್) ಸಿಕ್ಕಿಕೊಂಡು, ಖಾಲಿ ಇದ್ದರೂ ತುಂಬಿದೆ ಎಂದು ನಿಂತುಬಿಡುತ್ತಿತ್ತು. ತೆಗೆದು ತೊಳೆದ ಮೇಲೆ ಸರಿಹೋಯಿತು. ತುಂಬ ಚಳಿಯಿರುವ, 15 ಡಿಗ್ರಿಗಿಂತ ಕೆಳಗಿಳಿಯುವ ಕೋಣೆಗಾದರೆ ಈ ಮಾದರಿ ಬೇಡ, ಕೊಳವೆಗೆ ಮಂಜು ಕಟ್ಟಿ ಕೆಲಸ ನಿಧಾನವಾಗುತ್ತದೆ. ಸಾಧ್ಯವಿದ್ದರೆ ನೀರು ಹೊರಗೆ ಹೋಗಲು ಪೈಪ್ ಸಿಕ್ಕಿಸುವ ಜಾಗ ಇರುವುದನ್ನೇ ನೋಡಿ. ನಾವು ಅದನ್ನು ಬಚ್ಚಲಿನ ಜಾಲರಿಗೆ ಬಿಟ್ಟ ಮೇಲೆ ರಾತ್ರಿ ಎದ್ದು ಟ್ಯಾಂಕ್ ಖಾಲಿ ಮಾಡುವ ಕೆಲಸ ತಪ್ಪಿತು.