ಸತ್ತ ಗೆಳೆಯನನ್ನು ಉಳಿಸಲು ಹಿಂದಕ್ಕೆ ಹೋದರೆ: ಮೂರು ಸೂಪರ್‌ಹೀರೋ ಕಾಮಿಕ್ಸ್ ಅಕ್ಕಪಕ್ಕ

ಬಳ್ಳಾರಿ, ಕೊಪ್ಪಳದ ಕಡೆ ಬಯಲಾಟ ನೋಡುವವರಿಗೆ ಕರ್ಣ ಸಾಯುತ್ತಾನೆಂದು ಮೊದಲೇ ಗೊತ್ತು. ಆದರೂ ಬೆಳತನಕ ಕೂರುತ್ತಾರೆ. ಕಾಲಪ್ರಯಾಣದ ಕಾಮಿಕ್ಸಿಗೂ ಅದೇ ಮನಸ್ಸು ಬೇಕು: ಎಲ್ಲ ಗೊತ್ತಿದ್ದೂ ನಾಯಕ ಏನು ಮಾಡಿದ? ಈ ಪ್ರಶ್ನೆ ಇಟ್ಟುಕೊಂಡು ಮೂರನ್ನೂ ಒಂದರ ಬೆನ್ನಿಗೊಂದು ಓದಿ ಬರೆದದ್ದಿದು. ಕೊನೆಯನ್ನೂ ಹೇಳಿದೆ.

'ಡೇಸ್ ಆಫ್ ಫ್ಯೂಚರ್ ಪಾಸ್ಟ್' 1981ರದು. 'ಎಕ್ಸ್-ಮೆನ್' ಸರಣಿಯ 141 ಮತ್ತು 142, ಎರಡೇ ಸಂಚಿಕೆ. ಇಲ್ಲಿ ಯಂತ್ರವಿಲ್ಲ, ದೇಹವೂ ಪಯಣಿಸುವುದಿಲ್ಲ. ಎಕ್ಸ್-ಮೆನ್ ತಂಡದವಳಾದ, 2013ರ ಕೇಟ್ ಪ್ರೈಡ್‌ಳ ಮನಸ್ಸು ಮಾತ್ರ 1980ರ ತನ್ನದೇ ಹದಿಮೂರರ ಮೈಗೆ ಬರುತ್ತದೆ. ಅವಳು ಇಲ್ಲಿರುವ ಹೊತ್ತಿಗೆ 2013ರಲ್ಲಿ ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಸಾಯುತ್ತಾರೆ. ಎರಡು ಕಾಲಗಳನ್ನು ಪುಟ ಬಿಟ್ಟು ಪುಟ ಹೆಣೆದ ರೀತಿ ಇವತ್ತಿಗೂ ಹೊಸದು. ತೊಡಕು ಅಕ್ಷರದ್ದು. ಚೌಕಟ್ಟಿನ ತುಂಬ ವಿವರಣೆ, ಚಿತ್ರವೇ ಹೇಳಿದ್ದನ್ನು ಮಾತು ಮತ್ತೆ ಹೇಳುತ್ತದೆ.

2011ರ 'ಫ್ಲ್ಯಾಶ್‌ಪಾಯಿಂಟ್' ಐದು ಸಂಚಿಕೆ. ತಾಯಿಯನ್ನು ಉಳಿಸಲು ಫ್ಲ್ಯಾಶ್ ಎಂಬ ಮಿಂಚಿನ ಓಟಗಾರ ಬ್ಯಾರಿ ಅಲೆನ್ ಹಿಂದಕ್ಕೆ ಓಡಿದ್ದೇ ತಡ, ಜಗತ್ತೇ ತಿರುವುಮುರುವು. ಬ್ಯಾಟ್‌ಮನ್ ಮುಖವಾಡದೊಳಗೆ ಬ್ರೂಸ್ ಬದಲು ಅವನ ತಂದೆ ಥಾಮಸ್. ಕಳೆದ ಶಕ್ತಿ ಮರಳಿ ಪಡೆಯಲು ಬ್ಯಾರಿ ಸಿಡಿಲಿಗೆ ಮೈಯೊಡ್ಡುತ್ತಾನೆ. ಮೊದಲ ಸಲ ಮೈ ಸುಟ್ಟುಕೊಳ್ಳುವುದಷ್ಟೇ ಆಗುತ್ತದೆ, ಮತ್ತೆ ಒಡ್ಡಬೇಕು. ತಂದೆಯ ಪತ್ರ ಮಗನ ಕೈ ಸೇರುವ ಕೊನೆ ನಿಜಕ್ಕೂ ಕಣ್ಣು ತುಂಬಿಸುತ್ತದೆ. ಆದರೆ ಅದು ಅಪ್ಪ-ಮಗನ ಕಥೆ. ಬ್ಯಾರಿ-ಥಾಮಸ್ ಗೆಳೆತನಕ್ಕೆ ಬೇರೂರಲು ಜಾಗ ಸಿಕ್ಕಿಲ್ಲ. ಉಪಸರಣಿಗಳು ರಾಶಿ ಇವೆ, ಮೊದಲ ಓದಿಗೆ ಮುಟ್ಟಬೇಡಿ. ಮುಖ್ಯ ಐದೇ ಸಾಕು.

ಮೂರರಲ್ಲಿ ಎದೆಗೆ ತಾಗುವುದು 2007ರಲ್ಲಿ ಶುರುವಾದ 'ಬೂಸ್ಟರ್ ಗೋಲ್ಡ್'. ಹೆಸರು ಕೇಳಿದವರು ಕಡಿಮೆ, ಅದೇ ಬೇಸರ. ಇಪ್ಪತ್ತೈದನೇ ಶತಮಾನದಿಂದ ಬಂದ ಬೂಸ್ಟರ್‌ನನ್ನು ಜನ ಪ್ರಚಾರಪ್ರಿಯನೆಂದೇ ತಿಳಿದಿದ್ದಾರೆ. ಅವನು ಕಾಲವನ್ನು ಗುಟ್ಟಾಗಿ ಕಾಯಬೇಕು, ಹೊಗಳಿಕೆ ಬೇಡುವಂತಿಲ್ಲ. ಅವನ ಜೀವದ ಗೆಳೆಯ ಬ್ಲೂ ಬೀಟಲ್, ಅಂದರೆ ಟೆಡ್ ಕಾರ್ಡ್, ಖಳನಾಯಕ ಮ್ಯಾಕ್ಸ್‌ವೆಲ್ ಲಾರ್ಡ್‌ನ ಗುಂಡಿಗೆ ಬಲಿಯಾದವನು.

ಐದನೇ ಸಂಚಿಕೆ ಅಡಿಪಾಯ. ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್‌ಗೆ ಬ್ಯಾಟ್‌ಮನ್‌ನ ವೈರಿ ಜೋಕರ್ ಗುಂಡು ಹಾರಿಸುವ ಹೊತ್ತಿಗೆ, ಅದನ್ನು ತಪ್ಪಿಸಲು ಬೂಸ್ಟರ್ ಮತ್ತೆ ಮತ್ತೆ ಹೋಗುತ್ತಾನೆ, ಪ್ರತಿ ಸಲ ಏಟು ತಿಂದು ಸೋಲುತ್ತಾನೆ. ಕೆಲವು ಗಳಿಗೆ ಅಲುಗುವುದಿಲ್ಲವೆಂಬ ನಿಯಮ ಓದುಗನಿಗೆ ಭಾಷಣದಿಂದಲ್ಲ, ಆ ಏಟುಗಳಿಂದ ತಿಳಿಯುತ್ತದೆ. ಹಾಗಾಗಿ ಆರನೆಯದರಲ್ಲಿ ಟೆಡ್ ಬದುಕಿದಾಗ ಖುಷಿಯ ಜೊತೆಗೇ ಭಯ. 7ರಿಂದ 10ರಲ್ಲಿ ಬೆಲೆ ಕಾಣುತ್ತದೆ: ಒಬ್ಬ ಬದುಕಿದ ಜಗತ್ತಿನಲ್ಲಿ ಲಾರ್ಡ್‌ನದೇ ಆಳ್ವಿಕೆ. ಕೊನೆಗೆ ಟೆಡ್ ತಾನೇ ನಿರ್ಧರಿಸಿ ಸಾವಿನ ಗಳಿಗೆಗೆ ಮರಳುತ್ತಾನೆ. ಉಳಿಸಿದವನ ಹಟಕ್ಕಿಂತ ಉಳಿದವನ ಒಪ್ಪಿಗೆ ದೊಡ್ಡದಾಗುವ ಈ ತಿರುವು ಉಳಿದೆರಡರಲ್ಲಿ ಇಲ್ಲ.

ಓದುವ ಕ್ರಮ ತಪ್ಪಿದರೆ ಗೊಂದಲ ಖಂಡಿತ. 1ರಿಂದ 6, ಆಮೇಲೆ 0, ನಂತರ 7ರಿಂದ 10, ಕೊನೆಗೆ 10,00,000 ಎಂಬ ಸಂಖ್ಯೆಯ ಸಂಚಿಕೆ. ಸೊನ್ನೆ ಕಂಡು ಅದರಿಂದಲೇ ಶುರು ಮಾಡಿದರೆ ಆರನೆಯದರ ಪೆಟ್ಟು ಅಲ್ಲೇ ವ್ಯರ್ಥ. ಟೆಡ್ ಜೊತೆಗಿನ ಹಳೆಯ ತಮಾಷೆಗಳಿಗೆ ಹಿನ್ನೆಲೆ ಬೇಕೆನಿಸಿದರೆ ಇಬ್ಬರೂ ಇದ್ದ ತಂಡದ ಸರಣಿ, 1987ರ 'ಜಸ್ಟೀಸ್ ಲೀಗ್'ನ ಮೊದಲ ಕೆಲವು ಸಂಚಿಕೆ ನೋಡಿ.

ಮೊಬೈಲಿನಲ್ಲಿ ಎಕ್ಸ್-ಮೆನ್ ಓದುವುದು ಶಿಕ್ಷೆ, ಹಿಗ್ಗಿಸಿದರೆ ಪುಟದ ಜೋಡಣೆ ಹೋಗುತ್ತದೆ. ಹತ್ತು ಇಂಚಿನ ಟ್ಯಾಬ್ ಅಥವಾ ಪುಸ್ತಕವೇ ಆಗಬೇಕು. ಫ್ಲ್ಯಾಶ್‌ಪಾಯಿಂಟ್‌ನ ಜೋಡಿಪುಟದ ಚಿತ್ರಗಳಿಗೆ ಟ್ಯಾಬ್ ಅಡ್ಡ ಹಿಡಿಯಿರಿ. ಬೂಸ್ಟರ್ ಮಾತ್ರ ಮೊಬೈಲಿನಲ್ಲೂ ಪರವಾಗಿಲ್ಲ. ಪುಸ್ತಕವೇ ತರಿಸಿಕೊಂಡರೆ ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೋ ಕಿಟಕಿಯ ಬಿಸಿಲಿಗೋ ಇಡಬೇಡಿ: ಅಂಟು ಸಡಿಲಿ ನಡುವಿನ ಹಾಳೆಗಳು ಬಿಚ್ಚಿಕೊಳ್ಳುತ್ತವೆ.

ಒಂದೇ ಸಂಜೆ ಇದ್ದರೆ ಎಕ್ಸ್-ಮೆನ್. ಒಂದು ವಾರ ಇದ್ದರೆ ಬೂಸ್ಟರ್, ದಿನಕ್ಕೆ ಎರಡೇ ಸಂಚಿಕೆ. ಹತ್ತನೆಯದನ್ನು ಮಾತ್ರ ಬೇರೆ ಯಾವುದರ ಜೊತೆಗೂ ಸೇರಿಸದೆ ಒಂಟಿಯಾಗಿ ಓದಿ.