ಹಳೆ ಬೀಟಲ್‌ಗೆ 1600 ಇಂಜಿನ್: ಯಾವ ಕ್ಲಚ್, ಯಾವ ಫ್ಲೈವೀಲ್?

ಮೊದಲೇ ಹೇಳಿಬಿಡುತ್ತೇನೆ. ಊರೊಳಗೆ ಓಡಿಸುವ ಗಾಡಿಯಾದರೆ ಸ್ಯಾಕ್ಸ್ ಕಂಪನಿಯ ಮಾಮೂಲಿ 200 ಎಂಎಂ ಕ್ಲಚ್ ಸೆಟ್ ತಗೊಳ್ಳಿ, ಫ್ಲೈವೀಲನ್ನು (ಇಂಜಿನ್ ತುದಿಯಲ್ಲಿ ತಿರುಗುವ ಭಾರದ ಚಕ್ರ, ಕ್ಲಚ್ ಕೂರುವುದು ಇದರ ಮೇಲೆ) ಹಗುರ ಮಾಡಿಸಲು ಹೋಗಬೇಡಿ. ಉಳಿದ ದುಡ್ಡನ್ನು ಲೇತ್ ಕೆಲಸಕ್ಕೆ ಇಟ್ಟುಕೊಳ್ಳಿ.

ನನ್ನದು 1965ರ ಫೋಕ್ಸ್‌ವ್ಯಾಗನ್ ಬೀಟಲ್. ಅದರಲ್ಲಿದ್ದದ್ದು 1192 ಸಿಸಿಯ 34 ಕುದುರೆ ಬಲದ ಇಂಜಿನ್, ಈಗ ಕೂತಿರುವುದು 1584 ಸಿಸಿಯ ಡ್ಯುಯಲ್ ಪೋರ್ಟ್, 50 ಕುದುರೆ. ಟಾರ್ಕ್ ಕಾಲು ಭಾಗಕ್ಕಿಂತ ಜಾಸ್ತಿ ಏರಿದೆ. ಈ ಗಾಡಿಯಲ್ಲಿ ಇಂಜಿನ್ ಇಳಿಸಿ ಏರಿಸುವುದು ಕಷ್ಟವೇ ಅಲ್ಲ, ಗಿಯರ್‌ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಬೋಲ್ಟ್. ತಲೆನೋವು ಇರುವುದು ಎರಡರ ನಡುವೆ. (ಆರ್‌ಟಿಒ ಒಪ್ಪಿಗೆ, ಆರ್‌ಸಿಯಲ್ಲಿ ಇಂಜಿನ್ ನಂಬರ್, ಇವನ್ನೆಲ್ಲ ಕೆಲಸ ಶುರು ಮಾಡೋ ಮೊದಲೇ ವಿಚಾರಿಸಿಕೊಳ್ಳಿ.)

ಎಲ್ಲರೂ ಇಂಜಿನ್ ನೋಡಿ ಕ್ಲಚ್ ಆರಿಸುತ್ತಾರೆ. ಬೀಟಲ್‌ನಲ್ಲಿ ಮೊದಲು ನೋಡಬೇಕಾದದ್ದು ಗಿಯರ್‌ಬಾಕ್ಸ್. 6 ವೋಲ್ಟ್ ಕಾಲದ ಗಾಡಿಗಳಲ್ಲಿ ಫ್ಲೈವೀಲ್ ಚಿಕ್ಕದು, ಸುತ್ತ ಸೆಲ್ಫ್ ಮೋಟರ್ ಕಚ್ಚುವ 109 ಹಲ್ಲು, ಕ್ಲಚ್ 180 ಎಂಎಂ. 1967ರ ಹೊತ್ತಿಗೆ 12 ವೋಲ್ಟ್ ಬಂದಾಗ ಅದು 130 ಹಲ್ಲು, 200 ಎಂಎಂ ಆಯಿತು. 1600 ಇಂಜಿನ್ ಜೊತೆ ಸಾಮಾನ್ಯವಾಗಿ ಬರುವುದು ಈ ದೊಡ್ಡ ಫ್ಲೈವೀಲೇ. ಇದನ್ನು ಹಳೆ ಗಿಯರ್‌ಬಾಕ್ಸಿಗೆ ತೂರಿಸಿದರೆ ಬೆಲ್ ಹೌಸಿಂಗ್ (ಗಿಯರ್‌ಬಾಕ್ಸಿನಲ್ಲಿ ಫ್ಲೈವೀಲ್ ಒಳಗೆ ಕೂರುವ ಗಂಟೆಯಾಕಾರದ ಭಾಗ) ಒಳಗೆ ಉಜ್ಜುತ್ತದೆ.

ಆಗ ಇರುವುದು ಮೂರು ದಾರಿ. ಹಳೆ 180ರ ಸೆಟ್ಟನ್ನೇ ಹೊಸ ಇಂಜಿನ್‌ಗೆ ಕಟ್ಟುವುದು ಸುಲಭ, ಆದರೆ ನಂದಿ ಬೆಟ್ಟ ಹತ್ತುವಾಗ ನಾಲ್ಕು ಜನ ಕೂತಿದ್ದರೆ ಅದು ಜಾರುತ್ತದೋ ಏನೋ ಅನ್ನೋ ಅಳುಕು ಬಿಡುವುದಿಲ್ಲ. ಎರಡನೆಯದು, ಗ್ರೈಂಡರ್ ಹಿಡಿದು ಬೆಲ್ ಹೌಸಿಂಗ್ ಒಳಗಿನ ದಿಂಡುಗಳನ್ನು ಸವೆಸಿ 130 ಹಲ್ಲಿನದನ್ನು ಕೂರಿಸುವುದು. ಇದನ್ನು ತುಂಬಾ ಜನ ಮಾಡುತ್ತಾರೆ, ಚೆನ್ನಾಗಿಯೂ ಓಡುತ್ತದೆ. ಆದರೆ 12 ವೋಲ್ಟಿನ ಸೆಲ್ಫ್ ಮೋಟರ್ ಹಾಕಬೇಕು, ಅದರ ಶಾಫ್ಟ್ ತೆಳು, ಹಾಗಾಗಿ ಗಿಯರ್‌ಬಾಕ್ಸಿನ ಬುಶ್ ಕೂಡ ಬದಲಿಸಬೇಕು. ಅರವತ್ತು ವರ್ಷ ಉಳಿದು ಬಂದ ಕೇಸಿಗೆ ಗ್ರೈಂಡರ್ ತಾಗಿಸಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಮೂರನೆಯದು: 109 ಹಲ್ಲೇ ಇರುವ, ಆದರೆ 200 ಎಂಎಂ ಕ್ಲಚ್ ಕೂರುವಂತೆ ಮಾಡಿದ ಫೋರ್ಜ್ಡ್ ಫ್ಲೈವೀಲ್. ಹೊರದೇಶದಿಂದ ತರಿಸಬೇಕು, ಸಾಗಾಣಿಕೆ ಮತ್ತು ಕಸ್ಟಮ್ಸ್ ಸೇರಿದರೆ ಬೆಲೆ ಹೊಟ್ಟೆ ಉರಿಸುತ್ತದೆ, ಆದರೂ ಗಿಯರ್‌ಬಾಕ್ಸ್ ಮುಟ್ಟುವ ಹಾಗಿಲ್ಲ ಅಂದರೆ ಇದೇ ಸರಿ.

ಆ ಫ್ಲೈವೀಲ್ ಬಗ್ಗೆ ನನ್ನ ದೂರು ಇದೆ, ಬ್ರಾಂಡ್ ಹೆಸರು ಬೇಡ. ಹಲ್ಲು, ಮುಖ ಎಲ್ಲ ಚೊಕ್ಕ. ಡೋವೆಲ್ ಪಿನ್ನಿನ ತೂತುಗಳು ಮಾತ್ರ ಸಡಿಲ. ಬೀಟಲ್‌ನಲ್ಲಿ ಫ್ಲೈವೀಲನ್ನು ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ತಿರುಗುವ ಶಾಫ್ಟಿಗೆ, ಹಿಡಿಯುವುದು ನಡುವಿನ ಒಂದೇ ಒಂದು ದೊಡ್ಡ ನಟ್ಟು, ಅದರ ಮೇಲೆ ಜಾರಿ ತಿರುಗದಂತೆ ತಡೆಯುವುದು ಈ ನಾಲ್ಕು ಡೋವೆಲ್ ಪಿನ್ನು. ಅಲ್ಲಿ ಕೂದಲೆಳೆಯಷ್ಟು ಆಟ ಇದ್ದರೂ ದಿನ ಕಳೆದಂತೆ ತೂತು ಅಗಲವಾಗಿ ಕ್ರ್ಯಾಂಕನ್ನೇ ತಿಂದುಹಾಕುತ್ತದೆ. ಮಾರಿದವರಿಗೆ ಬರೆದರೆ ‘ಅದು ಮಾಮೂಲಿ’ ಅಂತ ಉತ್ತರ. ಮಾಮೂಲಿಯಂತೆ! ಕೊನೆಗೆ ಜೆ.ಸಿ. ರಸ್ತೆ ಕಡೆಯ ಲೇತ್ ಅಂಗಡಿಯಲ್ಲಿ ಕ್ರ್ಯಾಂಕ್, ಫ್ಲೈವೀಲ್ ಎರಡನ್ನೂ ಜೋಡಿಸಿ ಎಂಟು ಡೋವೆಲ್ಲಿಗೆ ಹೊಸದಾಗಿ ತೂತು ಹಾಕಿಸಿ, ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಭಾಗ) ಸೇರಿಸಿ ಬ್ಯಾಲೆನ್ಸ್ ಮಾಡಿಸಿದೆ. ಈ ಇಡೀ ಖರ್ಚಿನಲ್ಲಿ ನನಗೆ ಸಾರ್ಥಕ ಅನ್ನಿಸಿದ್ದು ಇದೊಂದೇ. ಆ ಮೇಸ್ತ್ರಿಗೆ ಐದಕ್ಕೆ ಐದು.

ಇನ್ನು ಕ್ಲಚ್. ಸ್ಯಾಕ್ಸ್ ಸೆಟ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಅದೇ ಅದರ ಗುಣ. ಪೆಡಲ್ ಹಗುರ, ಹಿಡಿಯುವುದು ನಯ. ನಡುವೆ ಸ್ಪ್ರಿಂಗ್ ಇರುವ ಪ್ಲೇಟ್ ಕೇಳಿ ತಗೊಳ್ಳಿ. ಕೆನಡಿ ಕಂಪನಿಯವರ 1700 ಪೌಂಡ್ ಒತ್ತಡದ ಪ್ರೆಶರ್ ಪ್ಲೇಟ್ ಹಾಕಿಸು ಅಂತ ಹೇಳುವವರು ಸಿಗುತ್ತಾರೆ. ಒಳ್ಳೆಯ ಮಾಲೇ, ಆದರೆ ಅದು ಬಲ ಏರಿಸಿದ ಇಂಜಿನ್‌ಗಳಿಗೆ. 50 ಕುದುರೆಗೆ ಅದು ಯಾಕೆ? ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕಾಲು ಸೋಲುತ್ತದೆ, ಕೇಬಲ್ ಬೇಗ ಹೋಗುತ್ತದೆ, ಪೆಡಲ್ ಒತ್ತಿದಾಗಲೆಲ್ಲ ಆ ಭಾರ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ.

ಒಂದು ಎಚ್ಚರ. 1970ರವರೆಗಿನ ಗಿಯರ್‌ಬಾಕ್ಸಿನಲ್ಲಿ ರಿಲೀಸ್ ಬೇರಿಂಗಿಗೆ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ತಳ್ಳುವ ಬೇರಿಂಗ್) ಗೈಡ್ ಟ್ಯೂಬ್ ಇಲ್ಲ. ಅದಕ್ಕೆ ನಡುವೆ ರಿಂಗ್ ಇರುವ ಪ್ರೆಶರ್ ಪ್ಲೇಟೇ ಬೇಕು. 1971ರ ನಂತರದ್ದಕ್ಕೆ ರಿಂಗ್ ಇರಬಾರದು. ಡಬ್ಬದ ಮೇಲೆ ಎರಡಕ್ಕೂ 200 ಎಂಎಂ ಅಂತಲೇ ಬರೆದಿರುತ್ತದೆ, ಅಂಗಡಿಯವರೂ ಕೇಳುವುದಿಲ್ಲ. ಡಬ್ಬ ಬಿಚ್ಚಿ ಕಣ್ಣಾರೆ ನೋಡಿ.

ಹಗುರ ಫ್ಲೈವೀಲ್ ಯಾಕೆ ಬೇಡ ಅಂದೆ ಅಂದರೆ, ಮಾಮೂಲಿ 200ರದ್ದು ಸುಮಾರು 8 ಕೆಜಿ, ಅಂಚಿನಿಂದ ಎರಡು ಕೆಜಿ ತೆಗೆದರೆ ಇಂಜಿನ್ ಚಟ್ಟನೆ ಏರುತ್ತದೆ ನಿಜ, ಕೇಳೋಕೂ ಖುಷಿ, ಆದರೆ ಅಷ್ಟೇ ಚಟ್ಟನೆ ಇಳಿಯುತ್ತದೆ ಕೂಡ. ಏರಿನಲ್ಲಿ ನಿಂತು ಹೊರಡುವಾಗ ಜಾಸ್ತಿ ಆಕ್ಸಿಲರೇಟರ್ ಕೊಡಬೇಕು, ಕ್ಲಚ್ ಜಾಸ್ತಿ ಉಜ್ಜಬೇಕು. ಚಿಕ್ಕ ಇಂಜಿನ್‌ಗೆ ಆ ತೂಕವೇ ಆಸರೆ.

ಹಳೆ ಫ್ಲೈವೀಲ್ ಉಳಿಸಿಕೊಳ್ಳುವವರು ಎರಡು ವಿಷಯ ನೋಡಿ. ಮುಖವನ್ನು ಲೇತಿನಲ್ಲಿ ಸವೆಸಿ ಸಮ (ಫೇಸಿಂಗ್) ಮಾಡಿಸಿದಾಗ ಪ್ರೆಶರ್ ಪ್ಲೇಟ್ ಕೂರುವ ಅಂಚನ್ನೂ ಅಷ್ಟೇ ಇಳಿಸಬೇಕು, ಇಲ್ಲದಿದ್ದರೆ ಒತ್ತಡ ಕಮ್ಮಿಯಾಗಿ ಹೊಸ ಪ್ಲೇಟೂ ಜಾರುತ್ತದೆ. ಹಳೆ 1200ರ ಫ್ಲೈವೀಲ್‌ಗೆ ಓ ರಿಂಗ್ (ಆಯಿಲ್ ತಡೆಯುವ ರಬ್ಬರ್ ಬಳೆ) ಕೂರುವ ಗ್ರೂವ್ ಇರುವುದಿಲ್ಲ, ಗ್ಯಾಸ್ಕೆಟ್ ಕಾಲದ್ದು, 1600ರ ಕ್ರ್ಯಾಂಕಿಗೆ ಹಾಗೇ ಹಾಕಿದರೆ ಆಯಿಲ್ ಸೋರುತ್ತದೆ.

ಜೋಡಿಸುವಾಗ ಫ್ಲೈವೀಲ್ ಹಿಂದೆ ಹಾಕುವ ಶಿಮ್ (ತೆಳು ಬಿಲ್ಲೆ) ಮೂರು, ಎಂಡ್ ಪ್ಲೇ (ಕ್ರ್ಯಾಂಕ್ ಹಿಂದೆ ಮುಂದೆ ಆಡುವ ಜಾಗ) 0.07ರಿಂದ 0.13 ಎಂಎಂ ಒಳಗೆ. ನಡುವಿನ ನಟ್ಟಿಗೆ 36 ಎಂಎಂ ಸಾಕೆಟ್, ಸುಮಾರು 35 ಕೆಜಿ-ಮೀಟರ್ ಟಾರ್ಕ್. ಅಂದರೆ ಒಂದು ಮೀಟರ್ ಪೈಪಿನ ತುದಿಗೆ 35 ಕೆಜಿ ತೂಗುಹಾಕಿದಷ್ಟು. ಅಂದಾಜಿಗೆ ಬಿಗಿಯುವ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ.

ಎಲ್ಲ ಹೊಸದಾದ ಮೇಲೂ ಹೊರಡುವಾಗ ಗಾಡಿ ನಡುಗಿದರೆ ಸುಮ್ನೆ ಕ್ಲಚ್ ಬೈಯಬೇಡಿ. ಗಿಯರ್‌ಬಾಕ್ಸ್ ಹತ್ತಿರ ಕೇಬಲ್ ಹೋಗುವ ಬೌಡನ್ ಟ್ಯೂಬ್ ಸ್ವಲ್ಪ ಬಾಗಿರಬೇಕು, 25ರಿಂದ 40 ಎಂಎಂ. ನೆಟ್ಟಗಿದ್ದರೆ ನಡುಕ ಖಂಡಿತ. ಎರಡು ವಾಷರ್ ಹಾಕಿದರೆ ಸರಿಹೋಗುತ್ತದೆ, ಇಂಜಿನ್ ಇಳಿಸಬೇಕಾಗಿಲ್ಲ.