ಚೂರ್ಣ, ಗಮ್ಮಿ, ಗುಳಿಗೆ: ನನ್ನ ನಿದ್ದೆಯ ಲೆಕ್ಕದ ವಹಿ

ಕಳೆದ ವರ್ಷದ ಮೇ ತಿಂಗಳಲ್ಲಿ ಅವ್ವ ತೀರಿಕೊಂಡ ಮೇಲೆ ನನ್ನ ನಿದ್ದೆ ಕೆಟ್ಟಿತು. ರಾತ್ರಿ ಹತ್ತೂವರೆಗೆ ಹಾಸಿಗೆಗೆ ಹೋದರೆ ಒಂದು ಗಂಟೆಯವರೆಗೂ ನಿದ್ದೆ ಹತ್ತುತ್ತಿರಲಿಲ್ಲ; ಹತ್ತಿದರೂ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಮನೆ ಬಾಗಲಕೋಟೆಯ ನವನಗರದಲ್ಲಿ, ಕಲಿಸುವ ಶಾಲೆ ಗದ್ದನಕೇರಿ ಕ್ರಾಸಿನ ಆಚೆ, ಹೋಗಿಬರುವುದು ಸ್ಕೂಟಿಯ ಮೇಲೆ. ತೂಕಡಿಸಿಕೊಂಡು ಆ ರಸ್ತೆಯಲ್ಲಿ ಲಾರಿಗಳ ನಡುವೆ ಗಾಡಿ ಹೊಡೆಯುವುದು ಸಾಧ್ಯವಿರಲಿಲ್ಲವಾದ್ದರಿಂದ, ಒಂದಾದ ಮೇಲೊಂದು ಉಪಾಯ ಮಾಡಿ ನೋಡಿದೆ. ವಿಜ್ಞಾನ ಕಲಿಸುವವಳ ಚಟದಂತೆ, ಮಲಗಿದ ಹೊತ್ತು, ನಿದ್ದೆ ಹತ್ತಿದ ಅಂದಾಜು ಹೊತ್ತು, ನಡುವೆ ಎದ್ದ ಸಲ, ಮರುದಿನ ಮೊದಲ ಪೀರಿಯಡ್ಡಿನಲ್ಲಿ ತಲೆ ಹೇಗಿತ್ತು ಎಂಬ ನಾಲ್ಕು ಕಾಲಮ್ಮುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈ ನಾಲ್ಕನೆಯ ಕಾಲಮ್ಮೇ ಮುಖ್ಯವೆಂಬುದು ನನಗೆ ಆಮೇಲೆ ತಿಳಿಯಿತು.

ಮೊದಲು ಹಿಡಿದದ್ದು ಅಶ್ವಗಂಧವನ್ನು. ನಮ್ಮ ಕಡೆ ಹಿರೇಮದ್ದು ಎಂದು ಕರೆಯುವ ಈ ಬೇರಿನ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ ‘ಸೋಮ್ನಿಫೆರಾ’ ಎಂಬ ಮಾತಿಗೆ ನಿದ್ದೆ ತರುವಂಥದ್ದು ಎಂದೇ ಅರ್ಥ. ಒಂದು ಚಮಚ ಚೂರ್ಣವನ್ನು ಬೆಚ್ಚಗಿನ ಹಾಲಿನಲ್ಲಿ ಕಲಸಿ ಎಂಟು ವಾರ ಕುಡಿದೆ. ಕುದುರೆಯ ವಾಸನೆ ಎಂದು ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಮೊದಲ ಮೂರು ವಾರ ವಹಿಯಲ್ಲಿ ಏನೂ ಬದಲಾಗಲಿಲ್ಲ. ಎಂಟನೆಯ ವಾರದ ಹೊತ್ತಿಗೆ ನಿದ್ದೆ ಹತ್ತಲು ಹಿಡಿಯುತ್ತಿದ್ದ ಹೊತ್ತು ಎರಡು ಗಂಟೆ ಇಪ್ಪತ್ತು ನಿಮಿಷದಿಂದ ಒಂದು ಗಂಟೆ ಐವತ್ತಕ್ಕೆ ಇಳಿದಿತ್ತು. ಇದರಲ್ಲಿ ಬೇರಿನ ಪಾಲೆಷ್ಟು, ದುಃಖ ಹಳೆಯದಾದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಭಾರತದಲ್ಲಿಯೇ ನಡೆದ ಕೆಲವು ಸಣ್ಣ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕಂಡಿದೆ ಎಂಬುದು ನಿಜ. ಆದರೆ ಅಲ್ಲಿ ಕೊಟ್ಟದ್ದು ಅಳತೆ ಮಾಡಿದ ಸಾರವನ್ನು, ನಾನು ಕುಡಿದದ್ದು ಅಂಗಡಿಯ ಪುಡಿಯನ್ನು. ಬೆಳಗಿನ ತಲೆ ಮಾತ್ರ ಸ್ವಚ್ಛವಾಗಿತ್ತು. ಹಾಗಿದ್ದೂ ಬಿಡಬೇಕಾಗಿ ಬಂದದ್ದು ಥೈರಾಯ್ಡ್‌ಗಾಗಿ. ನಾನು ಥೈರಾಯ್ಡ್ ಹಾರ್ಮೋನಿನ ಕೊರತೆಗೆ ಥೈರಾಕ್ಸಿನ್ ಗುಳಿಗೆ ನುಂಗುವವಳು, ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಏರಿದಾಗ ಇಳಿಯುವ ಅಂಶ) ಇಳಿದದ್ದನ್ನು ನೋಡಿದ ಡಾಕ್ಟರು, ‘ಬೇರೆ ಏನಾದರೂ ತಗೋತೀರೇನು?’ ಎಂದು ಕೇಳಿದಾಗಲೇ ನನಗೆ ಚೂರ್ಣದ ಡಬ್ಬಿ ನೆನಪಾದದ್ದು. ಅಲ್ಲಿಯವರೆಗೂ ಅದನ್ನು ನಾನು ಔಷಧವೆಂದು ಎಣಿಸಿಯೇ ಇರಲಿಲ್ಲ. ಯಕೃತ್ತಿಗೆ ತೊಂದರೆಯಾದ ವರದಿಗಳೂ ಈ ಬೇರಿನ ಮೇಲಿವೆ.

ನಡುವೆ ಅತ್ತೆಯವರ ಜಾಜಿಕಾಯಿಯೂ ಆಯಿತು. ಬಾಣಂತಿ ಮನೆಯಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಅದೇ ಕಾಯನ್ನು ಸಾಣೆಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದು ಹಾಲಿಗೆ ಹಾಕಿ ಕೊಡುತ್ತಿದ್ದರು. ರುಚಿಗೆ ತಕರಾರಿಲ್ಲ, ವಹಿಯಲ್ಲಿ ವ್ಯತ್ಯಾಸವೂ ಇಲ್ಲ. ಆದರೆ ‘ನಾಲ್ಕು ಸುತ್ತಿಗೆ ಹತ್ತದಿದ್ದರೆ ಹೆಚ್ಚು ತೇಯ್ದರಾಯಿತು’ ಎಂಬ ಯೋಚನೆ ಒಳ್ಳೆಯದಲ್ಲ. ಐದಾರು ಗ್ರಾಂ ಜಾಜಿಕಾಯಿ ಹೊಟ್ಟೆಗೆ ಹೋದರೆ ಎದೆ ಹೊಡೆದುಕೊಳ್ಳುವುದು, ವಾಂತಿ, ಭ್ರಮೆ ಎಲ್ಲವೂ ಆಗಬಹುದು.

ಮೂರನೆಯದು ಮೆಲಟೋನಿನ್, ಮೂರು ಮಿಲಿಗ್ರಾಂ, ಹಣ್ಣಿನ ರುಚಿಯ ಗಮ್ಮಿ, ಅಂದರೆ ಅಗಿದು ತಿನ್ನುವ ಮೆತ್ತನೆಯ ಮಿಠಾಯಿಯಂಥದ್ದು. ಇದು ‘ನೈಸರ್ಗಿಕ’ ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ಸ್ರವಿಸುವ ಹಾರ್ಮೋನ್ ಇದು ಎನ್ನುವ ಮಟ್ಟಿಗೆ ಆ ಮಾತು ಸರಿ, ಆದರೆ ಅಮೆರಿಕದಲ್ಲಿ ಕಿರಾಣಿಯಂತೆ ಮಾರುವ ಇದೇ ವಸ್ತುವಿಗೆ ಬ್ರಿಟನ್ನಿನಲ್ಲಿ ಡಾಕ್ಟರ ಚೀಟಿ ಬೇಕು. ಮೆಲಟೋನಿನ್ ನಿದ್ದೆಗೆ ನೂಕುವುದಿಲ್ಲ, ರಾತ್ರಿಯಾಯಿತೆಂದು ದೇಹಕ್ಕೆ ಹೊತ್ತು ತಿಳಿಸುತ್ತದೆ. ಆದ್ದರಿಂದ ದೇಶಾಂತರ ವಿಮಾನದಲ್ಲಿ ಹೋಗಿ ಹೊತ್ತು ತಪ್ಪಿದವರಿಗೆ ಆಗುವ ಉಪಯೋಗ, ಹೊತ್ತು ಗೊತ್ತಿದ್ದೂ ನಿದ್ದೆ ಬಾರದ ನನ್ನಂಥವರಿಗೆ ಆಗುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿದ್ದೆ ಬೇಗ ಹತ್ತಿದ್ದು ಸರಾಸರಿ ಏಳು ನಿಮಿಷ. ನನ್ನ ವಹಿಯಲ್ಲಿ ಹನ್ನೊಂದು. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ನಂಬುವುದೂ ಕಷ್ಟ: 2017ರಲ್ಲಿ ಪ್ರಕಟವಾದ ಕೆನಡಾದ ಒಂದು ಪರೀಕ್ಷೆಯಲ್ಲಿ 31 ಉತ್ಪನ್ನಗಳನ್ನು ಅಳೆದಾಗ, ಒಂದರಲ್ಲಿ ಬರೆದದ್ದಕ್ಕಿಂತ ಶೇ. 83ರಷ್ಟು ಕಡಿಮೆ, ಇನ್ನೊಂದರಲ್ಲಿ ಶೇ. 478ರಷ್ಟು ಹೆಚ್ಚು ಮೆಲಟೋನಿನ್ ಇತ್ತು.

ಕೊನೆಗೆ ಮನೋವೈದ್ಯರು ಬರೆದುಕೊಟ್ಟದ್ದು ಜೋಲ್ಪಿಡೆಮ್ ಎಂಬ ನಿದ್ದೆ ಗುಳಿಗೆ, ಐದು ಮಿಲಿಗ್ರಾಂ, ಎರಡು ಸ್ಟ್ರಿಪ್, ಅದಕ್ಕಿಂತ ಹೆಚ್ಚಿಲ್ಲ. ಚೂರ್ಣವನ್ನೂ ಗಮ್ಮಿಯನ್ನೂ ಕೇಳಿದ ಕೂಡಲೇ ಕೊಟ್ಟಿದ್ದ ಮೆಡಿಕಲ್ ಅಂಗಡಿಯವರು ಇದಕ್ಕೆ ಮಾತ್ರ ಚೀಟಿ ಪಡೆದು, ನನ್ನ ಹೆಸರು, ಡಾಕ್ಟರ ಹೆಸರು, ಗುಳಿಗೆಯ ಎಣಿಕೆ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡರು. 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್ 1ರ ನಿಯಮವಿದು. ದಾಖಲೆಯನ್ನು ಮೂರು ವರ್ಷ ಇಡಬೇಕು. ಪುರುಷರಿಗಿಂತ ನಿಧಾನವಾಗಿ ಈ ಔಷಧ ಹೆಂಗಸರ ಮೈಯಿಂದ ಇಳಿಯುವುದರಿಂದ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಹೆಂಗಸರ ಪ್ರಮಾಣವನ್ನು ಹತ್ತರಿಂದ ಐದಕ್ಕೆ ಇಳಿಸಿತು. ಸ್ಕೂಟಿಯ ವಿಷಯ ಕೇಳಿದ ಡಾಕ್ಟರು, ಏಳೆಂಟು ತಾಸು ಮಲಗಲು ಬಿಡುವಿರದ ರಾತ್ರಿ ನುಂಗಲೇಬೇಡಿ ಎಂದರು.

ಮೊದಲ ರಾತ್ರಿಯೇ ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತಿತು. ರಾತ್ರಿಯನ್ನಷ್ಟೇ ಅಳೆದರೆ ಇದಕ್ಕೂ ಉಳಿದವಕ್ಕೂ ಹೋಲಿಕೆಯೇ ಇಲ್ಲ. ಆದರೆ ನಾಲ್ಕನೆಯ ಕಾಲಮ್ಮಿನಲ್ಲಿ ‘ಮಬ್ಬು’ ಎಂಬ ಮಾತು ಹದಿನಾರರಲ್ಲಿ ಒಂಬತ್ತು ದಿನ ಬಂದಿದೆ. ಹದಿನಾರನೆಯ ರಾತ್ರಿಯ ಮರುಬೆಳಗ್ಗೆ ಅಡುಗೆಮನೆಗೆ ಹೋದರೆ ಪರಾತದಲ್ಲಿ ಜೋಳದ ಹಿಟ್ಟು ನಾದಿಟ್ಟಿತ್ತು, ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ನನ್ನ ಬಳೆಗೂ ಹಿಟ್ಟು ಮೆತ್ತಿತ್ತು. ಅತ್ತೆ ಹೇಳಿದರು: “ನಡುರಾತ್ರ್ಯಾಗ ಯಾರಿಗ್ ರೊಟ್ಟಿ ಅಂತ ಕೇಳಿದ್ರ, ‘ಹೊತ್ತಾತ್ರೀ ಅತ್ತಿ’ ಅಂದಿ. ಒಲಿ ಹಚ್ಚಾಕ ನಾ ಬಿಡಲಿಲ್ಲ.” ನನಗೆ ಇದರ ಒಂದು ಎಳೆಯೂ ನೆನಪಿಲ್ಲ. ನಿದ್ದೆಯಲ್ಲಿಯೇ ನಡೆಯುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು ಇವುಗಳ ಬಗ್ಗೆ 2019ರಲ್ಲಿ ಎಫ್‌ಡಿಎ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಈ ಗುಳಿಗೆಯ ಮೇಲೆ ಹಾಕಿಸಿದೆ. ಒಮ್ಮೆ ಹೀಗಾದವರು ಮತ್ತೆ ನುಂಗುವಂತಿಲ್ಲ. ಡಾಕ್ಟರು ಅದೇ ದಿನ ನಿಲ್ಲಿಸಿದರು. ನಿಲ್ಲಿಸಿದ ಮೇಲಿನ ನಾಲ್ಕು ರಾತ್ರಿಗಳು ಮೇ ತಿಂಗಳಿಗಿಂತ ಕೆಟ್ಟದಾಗಿದ್ದವು.

ಈಗ ನಡೆಯುತ್ತಿರುವುದು ಗುಳಿಗೆಯಿಲ್ಲದ ಚಿಕಿತ್ಸೆ, ಯೋಚನೆಯನ್ನೂ ಮಲಗುವ ರೂಢಿಯನ್ನೂ ತಿದ್ದುವ, ಅನಿದ್ರೆಗಾಗಿಯೇ ರೂಪಿಸಿದ ಸಿಬಿಟಿ. ದೀರ್ಘಕಾಲದ ಅನಿದ್ರೆಗೆ ಮೊದಲು ಕೊಡಬೇಕಾದದ್ದು ಇದನ್ನೇ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಹೇಳಿತ್ತು. ನನಗೆ ಅದು ಕೊನೆಗೆ ಸಿಕ್ಕಿತು. ಹನ್ನೆರಡಕ್ಕೆ ಮೊದಲು ಹಾಸಿಗೆ ಮುಟ್ಟಬಾರದು, ನಿದ್ದೆ ಬಾರದಿದ್ದರೆ ಎದ್ದು ಕೂಡಬೇಕು, ಏನೇ ಆದರೂ ಐದೂವರೆಗೆ ಏಳಬೇಕು. ಮೊದಲ ಎರಡು ವಾರ ಶಿಕ್ಷೆಯಂತಿತ್ತು. ಆರನೆಯ ವಾರದಲ್ಲಿ ನಿದ್ದೆ ಹತ್ತಲು ಮೂವತ್ತೈದು ನಿಮಿಷ ಬೇಕಾಗುತ್ತಿದೆ, ‘ಮಬ್ಬು’ ಇಲ್ಲ.

ಎರಡನೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಗುಳಿಗೆ ಉಳಿದಿದ್ದವು. ಎಪ್ಪತ್ತಾರರ ಅತ್ತೆ, “ನನಗೂ ಅರ್ಧ ಕೊಟ್ಟು ನೋಡ” ಎಂದರು. ಆ ವಯಸ್ಸಿನಲ್ಲಿ ಇಂಥ ಗುಳಿಗೆ ನುಂಗಿ ರಾತ್ರಿ ಬಚ್ಚಲಿಗೆ ಎದ್ದವರು ಜೋಲಿ ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ನಾಲ್ಕನ್ನೂ ಬಳಸಿದ ಚಹಾಪುಡಿಯಲ್ಲಿ ಕಲಸಿ, ಚೀಲದಲ್ಲಿ ಗಂಟುಕಟ್ಟಿ ಕಸದ ಗಾಡಿಗೆ ಹಾಕಿದೆ. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು.